೪೧೭ ಬಟಾ ಒಂದು

ಬಿಳಿ ಬಣ್ಣದ ಡಬ್ಬಿ, ಕೂದಲುದುರಿದ ಕುಂಚ ಹಿಡಿದು
ಲಾಡ್ಲೆಸಾಬ ಬಾಗಿಲಲ್ಲೇ ನಿಂತಿದ್ದಾರೆ:
"ಹೊಸಾ ಮಷಿನ್ ಎಲ್ಲದರಿ, ಭಾಗಮ್ಮ ಮೇಡಂ?"

ಇದರೊಳಗ, ಅಂದೆ.

ಹಳೆಯ ಸರ್ವರಿಗೆ ಒಂದು ಸುತ್ತು ಬಂದರು.
ಶಹಾಬಾದಿ ಪರಸಿಯ ಮೇಲೆ ಆರು ವರ್ಷದಿಂದ ಕೂತಲ್ಲೇ ಕೂತಿದೆ,
ಬೆನ್ನ ಮೇಲೆ ಅವರದೇ ಕೈಬರಹ: ೪೧೭.
ಕಲಬುರಗಿಯ ಈ ಪಶುಸಂಗೋಪನೆ ಕಚೇರಿಯಲ್ಲಿ
ನಂಬರಿಲ್ಲದ ವಸ್ತುವಿಲ್ಲ.
ಸ್ಟೂಲಿಗಿದೆ, ನೀರಿನ ರಂಜಣಗಿಗಿದೆ, ತಿರುಗದ ಫ್ಯಾನಿಗಿದೆ,
ಜಿಲ್ಲೆಯ ಎಮ್ಮೆಗಳ ಕಿವಿಯಲ್ಲಿ ಹಳದಿ ಬಿಲ್ಲೆಯಾಗಿ ತೂಗುತ್ತಿದೆ.
ತಿಂಗಳ ಕೊನೆಗೆ ಲಾಡ್ಲೆಸಾಬ ಚಾರ್ಜು ಒಪ್ಪಿಸಬೇಕು.
ಎಣಿಕೆ ತಪ್ಪಿದರೆ ಪೆನ್ಷನ್ ಫೈಲು ತಪ್ಪುತ್ತದೆ.

ನಾನು ಕೇಳಿದ್ದು ಯಂತ್ರ, ಬಂದದ್ದು ಪತ್ರ:
'ಅನುದಾನ ಲಭ್ಯವಿಲ್ಲ. ಇದ್ದುದರಲ್ಲೇ ನಿರ್ವಹಿಸುವುದು.'
ಇದ್ದುದರಲ್ಲೇ. ಸರಿ.
ಮೂವತ್ತೆರಡು ಜಿಬಿ ನೆನಪಿನಲ್ಲಿ ನಾಲ್ಕು ತೆಗೆದಿಟ್ಟೆ,
ಎಂಟು ಕೋರಿನಲ್ಲಿ ಎರಡು, ಡಿಸ್ಕಿನ ಒಂದು ಮೂಲೆ,
ಗೋಡೆಯಿಲ್ಲದ ಆ ಕೋಣೆಯಿಂದ ಹೊರಗಿನ ತಂತಿಗೆ
ಒಂದು ಸೇತುವೆ.
ಇನ್ನು ಲಿನಕ್ಸ್ ಬಂದು ಕೂರಬೇಕು,
ಏಳು ತಾಲ್ಲೂಕಿನ ದನದ ಆಸ್ಪತ್ರೆಗಳ ಕಂಪ್ಯೂಟರುಗಳನ್ನು
ಇಲ್ಲಿಂದಲೇ ಕಾಯಬೇಕು.

"ಗಬ್ಬ ಅದ ಅಂತ ಬರೀಲೇನ್ರಿ?"
ಅವರ ಲೆಕ್ಕ ಅದು: ಈಯುವ ತನಕ ಒಂದೇ ತಲೆ.
ಇಲ್ಲ ಸಾಬರೆ, ಇದು ಹೊರಗ ಬರಂಗಿಲ್ಲ.
ಒಳಗೇ ಹುಟ್ಟಿ ಒಳಗೇ ದುಡಿದು
ಬ್ಯಾಡಾದಾಗ ಒಳಗೇ ಅಳಿಸಿ ಹೋಗ್ತದ.
ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದರು.
"ಅಲ್ಲಿತನಕ ಹಾಲು ಕೊಡ್ತದೇನು?"
ಕೊಡ್ತದ.

ಮೇ ತಿಂಗಳ ಮಧ್ಯಾಹ್ನ, ಎರಡೂವರೆ.
ಕೂಲರಿನ ಹುಲ್ಲು ಒಣಗಿ ಬರೀ ಸದ್ದು.
ಪರದೆ ಕೇಳಿತು: ನೀನಿರುವ ಊರು?
ಪಟ್ಟಿಯಲ್ಲಿ ಕಾಬೂಲ್ ಇದೆ, ಕರಾಚಿ ಇದೆ, ಕಾಠ್ಮಂಡು ಇದೆ.
"ಕಲಬುರಗಿ ಒತ್ರಿ."
ಇಲ್ಲರಿ. ನಮ್ಮದೆಲ್ಲ ಕೋಲ್ಕತಾ ಗಡಿಯಾರ.
"ಹೈದರಾಬಾದ್ ಆದ್ರೂ ಇಡಬೇಕಿತ್ತು," ಎಂದು ನಕ್ಕರು.

ಶೇಕಡಾ ಎಂಬತ್ತೊಂದಕ್ಕೆ ಕರೆಂಟು ಹೋಯಿತು.
ಮೂಲೆಯ ಯುಪಿಎಸ್ ಕುಂಯ್‌ಗುಟ್ಟತೊಡಗಿತು.
ಇಬ್ಬರೂ ಮಾತಾಡಲಿಲ್ಲ,
ಉಸಿರು ಹಿಡಿದರೆ ಬ್ಯಾಟರಿ ಉಳಿದೀತೆಂಬಂತೆ,
ಹನ್ನೊಂದು ನಿಮಿಷ.

ಆಮೇಲೆ ಕಪ್ಪಿನಲ್ಲಿ ಬಿಳಿ ಸಾಲು, ಓಕೆ, ಓಕೆ, ಓಕೆ,
ಹಾಜರಿ ಕರೆದಾಗ ಹಿಂದಿನ ಬೆಂಚಿನಿಂದ ಏಳುವ ದನಿಗಳು.
ಕೊನೆಗೊಂದು ಮಿನುಗುವ ಗೀಟು.
ಗುಪ್ತಪದ ಕೊಟ್ಟೆ. ಒಳಗೆ ಬಿಟ್ಟಿತು.

ಆಳಂದ ಹಸಿರಾಯಿತು. ಅಫಜಲಪುರ. ಜೇವರ್ಗಿ.
ಚಿತ್ತಾಪುರ, ಕಾಳಗಿ ಒಟ್ಟಿಗೇ.
ಚಿಂಚೋಳಿ ಬರಲೋ ಬೇಡವೋ ಎಂದು ಬಂತು.
ಸೇಡಂ ಕೆಂಪು.

ಲಾಡ್ಲೆಸಾಬ ಅಷ್ಟರಲ್ಲಿ ಪರಸಿಯ ಮೇಲೆ ಕೂತಿದ್ದರು.
ನೌಕರಿಯ ಮೊದಲ ವರ್ಷಗಳಲ್ಲಿ
ಸರ್ವೆಯವರ ಹಿಂದೆ ಸರಪಳಿ ಎಳೆದವರು.
"ಇದು ಪೋಡಿ ಅಲ್ಲೇನ್ರಿ, ಮೇಡಂ?
ಹೊಲ ಅದೇ, ಒಡ್ಡು ಕಾಗದದಾಗ.
ಎರಡಕ್ಕೂ ಒಂದೇ ಮಳಿ ಬೀಳ್ತದ,
ಒಂದೇ ಸಿಡಿಲು."

ಹೌದು ಅನ್ನಲು ನನಗೆ ಹೊತ್ತು ಹಿಡಿಯಿತು.
ಮೇಲಿನವರಿಗೆ ಕಳಿಸಿದ ಆರು ಪುಟದ ವರದಿಯಲ್ಲಿ
ಸಿಡಿಲಿನ ಮಾತೇ ಇರಲಿಲ್ಲ.

೪೧೭ರ ಪಕ್ಕ ಒಂದು ಓರೆಗೀಟು, ಅದರ ಮುಂದೆ ೧.
ಬಣ್ಣ ಸೋರಿತು, ಹೆಬ್ಬೆರಳಿನಿಂದ ತಡೆದರು.
ಕನ್ನಡಕ ಹಣೆಗೇರಿಸಿ, ರಿಜಿಸ್ಟರಿನ 'ವಸ್ತುವಿನ ಸ್ಥಿತಿ' ಎಂಬಲ್ಲಿ
ನಿಧಾನ ಬರೆದರು:
ಕಾಣುವುದಿಲ್ಲ. ಚಾಲ್ತಿಯಲ್ಲಿದೆ.

ಸೇಡಂಗೆ ಫೋನು ಹಚ್ಚಿದೆ. ಯಾರೋ ಹುಡುಗ ಎತ್ತಿದ.
"ಡಾಕ್ಟರ್ ಮಳಖೇಡಕ್ಕ ಹೋಗ್ಯಾರ್ರಿ,
ಎಮ್ಮಿ ಈಯಲಾಕತ್ತದ, ಕರು ಅಡ್ಡ ಸಿಕ್ಕದ.
ಕಂಪ್ಯೂಟರ್ ಕೋಲಿ ಚಾವಿ
ಅವರ ಕಿಸೆದಾಗೇ ಹೋಗ್ಯದ."