ಸತ್ತ ಹೊತ್ತು

ಪ್ರತಿ ಸೆಪ್ಟೆಂಬರಿಗೆ ಒಬ್ಬರಲ್ಲ ಒಬ್ಬರು ಬರುತ್ತಾರೆ,
ಉಕ್ಕಿನ ಮೂತಿಯ ಹೊಸ ಬೂಟು, ಇನ್ನೂ ಕಿರುಗುಟ್ಟುವುದು,
ಎದೆಯ ಮೇಲೆ ಗುರುತಿನ ಚೀಟಿ, ಫೋಟೋದಲ್ಲಿ ಬೆದರಿದ ಕಣ್ಣು.
ಈ ಸಲ ಹೆಲೆದ್.
ಕಾರ್ಡಿಫ್‌ನಲ್ಲಿ ನಾಲ್ಕು ವರ್ಷ ಓದಿ, ಮೊದಲ ದರ್ಜೆ ಹಿಡಿದು,
ಸೆವರ್ನ್ ನದಿಯನ್ನು ಇನ್ನೂ ಕಲ್ಲೆಸೆದು ದಾಟಿಸಬಹುದಾದ ನಮ್ಮೂರಿಗೆ
ಬೆಳಗಿನ ರೈಲಿನಲ್ಲಿ ಬಂದಿಳಿದಳು.
ಮೂರು ತಿಂಗಳು ನನ್ನ ಬೆಂಚಿಗೆ, ಆಮೇಲೆ ಸಾಫ್ಟ್‌ವೇರಿನವರಿಗೆ,
ಆಮೇಲೆ ಇನ್ನೆಲ್ಲಿಗೋ. ಕಾಗದದಲ್ಲಿ ಹಾಗಿದೆ.

ನನಗೆ ಡಿಗ್ರಿಯಿಲ್ಲ. ಹೆಸರು ನೆರಿಸ್.
ಇಪ್ಪತ್ತಾರು ವರ್ಷದಿಂದ ಡ್ರೈವುಗಳ ನಾಡಿ ನೋಡುವವಳು.
ಯಾವ ಊರಲ್ಲೋ ಕ್ರೇನು ಜರ್ಕಿಲ್ಲದೆ ಮೇಲೇಳುತ್ತದೆ,
ಯಾವ ಬೇಕರಿಯಲ್ಲೋ ಹಿಟ್ಟು ಹದವಾಗಿ ತಿರುಗುತ್ತದೆ.
ಹಿಂದೆ, ಗೋಡೆಗೆ ಆತು, ನಮ್ಮ ಬೂದು ಪೆಟ್ಟಿಗೆ.
ಮೋಟಾರಿಗೆ "ಮೆಲ್ಲಗೆ, ಮೆಲ್ಲಗೆ" ಅನ್ನುವುದಷ್ಟೇ ಅದರ ಕೆಲಸ.

ಮೊದಲ ದಿನ ಅವಳ ಕೈಗೆ ಕೊಟ್ಟದ್ದು ಗಡಿಯಾರ.
ಕರೆಂಟು ಕಿತ್ತರೂ ಕೆಪಾಸಿಟರು ಸಿಟ್ಟು ಬಿಡುವುದಿಲ್ಲ.
ಹತ್ತು ನಿಮಿಷ ಕಾಯಿ. ಮೀಟರಿಟ್ಟು ಕೇಳು. ಆಮೇಲೆ ಮುಟ್ಟು.
ಕಾದಳು, ಕೈ ಕಟ್ಟಿಕೊಂಡು.
ಎಂಟನೆಯ ನಿಮಿಷಕ್ಕೆ ಕೇಳಿದಳು:
"ಇಷ್ಟು ಹೊತ್ತೂ ನೀವು ಏನು ಯೋಚಿಸುತ್ತೀರಿ?"
ಈವರೆಗೆ ಯಾರೂ ಕೇಳಿರಲಿಲ್ಲ.
"ರಾತ್ರಿಗೆ ಏನಡುಗೆ ಅಂತ," ಅಂದೆ. ಸುಳ್ಳು.

ಮೇಲೊಂದು ಸ್ವಿಚ್ಚು, ಕೆಳಗೊಂದು.
ಒಬ್ಬ ಮಲಗುವ ಮೊದಲೇ ಇನ್ನೊಬ್ಬ ಎದ್ದರೆ
ಆರುನೂರು ವೋಲ್ಟು ತನ್ನ ಮೇಲೆ ತಾನೇ ಬೀಳುತ್ತದೆ.
ಅದಕ್ಕೇ ನಡುವೆ ಎರಡು ಮೈಕ್ರೋಸೆಕೆಂಡು,
ಇಬ್ಬರೂ ಸುಮ್ಮನೆ.
ಅದಕ್ಕೆ ಸತ್ತ ಹೊತ್ತು ಅಂತ ಹೆಸರು.
ಹೆಲೆದ್‌ಗೆ ಗೊತ್ತಿಲ್ಲದ್ದಲ್ಲ; ಪರೀಕ್ಷೆಯಲ್ಲಿ ಬರೆದು ಬಂದವಳು,
ಸಮೀಕರಣ ಸಮೇತ.
ಆದರೂ ಅಕ್ಟೋಬರಿನ ಒಂದು ಗುರುವಾರ,
ವೇಗ ಇಳಿದಾಗ ಅಲೆ ಸೊಟ್ಟಗಾಗುತ್ತಿದೆಯೆಂದು
ಆ ಹೊತ್ತನ್ನು ಅರ್ಧಕ್ಕಿಳಿಸಿ, ಯಾರನ್ನೂ ಕೇಳದೆ,
ಬಟನ್ ಒತ್ತಿದಳು.

ಢಂ!

ಸ್ಕೋಪಿನಲ್ಲಿ ಗೆರೆಯಿಲ್ಲ. ಗಾಜಿನ ಬಾಗಿಲ ಹಿಂದೆ
ಸೀದ ಮೀನಿನ ವಾಸನೆಯ ಹೊಗೆ.
ಕ್ಯಾಂಟೀನಿನಿಂದ ಇಬ್ಬರು ಓಡಿಬಂದರು, ಒಬ್ಬನ ಕೈಯಲ್ಲಿ ಇನ್ನೂ ಚಮಚ.
ಅವಳು ಅಳಲಿಲ್ಲ. ಬೂಟು ನೋಡುತ್ತ, "ಇದಕ್ಕೆ ಎಷ್ಟಾಗುತ್ತದೆ?" ಅಂದಳು.
ಮುಖ್ಯ ಎಂಜಿನಿಯರ್ ಇದ್ವಾಲ್ ಬಂದ, ಮೂಸಿದ,
ಮಾತಾಡದೆ ಹೋದ.
ಮತ್ತೆ ಬಂದಾಗ ಕಂಕುಳಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ:
ತಾನು ಸುಟ್ಟದ್ದೆಲ್ಲ ಅದರಲ್ಲಿ, ಒಂದೊಂದಕ್ಕೂ ಟೇಪು, ತಾರೀಖು.
ಎಲ್ಲಕ್ಕೂ ಹಳೆಯದು ಅವನು ಸೇರಿದ ಒಂಬತ್ತನೆಯ ದಿನದ್ದು.
"ನೀನು ಮೂವತ್ತೆಂಟು ದಿನ ತಡೆದೆಯಲ್ಲ," ಅಂದ, ವೆಲ್ಷಿನಲ್ಲಿ,
ಡಬ್ಬಿಯಲ್ಲಿ ಜಾಗ ಮಾಡುತ್ತ.

ಆಮೇಲಿನ ಒಂದು ಸಂಜೆ, ಎರಡನೆಯ ಬೆಂಚಿನ ಮೋಟಾರಿನತ್ತ ಕತ್ತು ತಿರುಗಿಸಿ
"ಅದು ಕೆಮ್ಮುತ್ತಿದೆ," ಅಂದಳು.
ಕಾರ್ಮಾರ್ಥನ್ ಕಡೆ, ಅತ್ತೆಯ ಕೊಟ್ಟಿಗೆಯಲ್ಲಿ,
ಹಾಲು ಕರೆಯುವ ಪಂಪಿನ ಪಕ್ಕ ಬೆಳೆದ ಕಿವಿ.
ಯಂತ್ರಗಳೆಲ್ಲ ಹಸಿರು ದೀಪ ತೋರಿಸಿದವು. ನನಗೂ ಕೇಳಿಸಲಿಲ್ಲ.
ಹತ್ತು ದಿನಕ್ಕೆ ಬೇರಿಂಗು ಹೋಯಿತು.

ಡಿಸೆಂಬರಿನಲ್ಲಿ ಅವಳ ಕೊನೆಯ ಶುಕ್ರವಾರ.
ಬೂಟಿನ ಕಿರುಗು ಯಾವಾಗ ನಿಂತಿತೋ ಗಮನಿಸಿರಲಿಲ್ಲ.
ಕರೆಂಟು ಕಿತ್ತೆವು, ಗಡಿಯಾರ ಇಟ್ಟೆವು.
"ಆ ಸಮೀಕರಣ," ಅಂದೆ, "ನನಗೆ ತೋರಿಸು.
ಇಷ್ಟು ವರ್ಷ ಅದನ್ನೇ ಯೋಚಿಸುತ್ತಿದ್ದೆ, ಅದರ ಒಳಗೆ ಏನಿದೆ ಅಂತ."
ರಟ್ಟಿನ ಡಬ್ಬಿಯೊಂದನ್ನು ಬಿಚ್ಚಿ, ಅದರ ಬೆನ್ನ ಮೇಲೆ ಬರೆದಳು.
ಮೊದಲ ಸಲ ತಿಳಿಯಲಿಲ್ಲ. ಎರಡನೆಯ ಸಲವೂ.
ಹೊಡೆದು ಹಾಕಿ ಮತ್ತೆ ಬರೆದಳು, ಈ ಸಲ ಹಾಲಿನ ಲೆಕ್ಕದಲ್ಲಿ.

ನಾವು ಮುಚ್ಚಳ ತೆಗೆದದ್ದು
ಹದಿನೇಳನೆಯ ನಿಮಿಷಕ್ಕೆ.