ಟವಲಿನ ಕೆಳಗೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಲಾಟು ನಂಬರು ಕುಟ್ಟುವವಳು ನಾನು.
ಪಿಳ್ಳಪ್ಪನವರು ಒಂದು ಗೂಡೆತ್ತಿ
ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ,
ಬೋರ್ಡು ಮಾತ್ರ ನೋಡುವುದಿಲ್ಲ.
"ಎಷ್ಟಮ್ಮ?"
ಎದುರೇ ಕೆಂಪಗೆ ಉರಿಯುತ್ತಿದೆ ಅಂಕಿ.
"ಐನೂರ ಹನ್ನೆರಡು, ತಾತ."
"ಯಾರು ಕೂಗಿದ್ದು?"
ಯಾರೂ ಕೂಗಿಲ್ಲ.
ಖಲಂದರ್ ಸಾಬರು ಟೀ ಅಂಗಡಿಯಲ್ಲಿ ಕೂತು
ಹೆಬ್ಬೆರಳಲ್ಲಿ ಒತ್ತಿದ್ದು.

ಮೊದಲು ಹೀಗಿರಲಿಲ್ಲವಂತೆ.
ಟವಲಿನ ಕೆಳಗೆ ಕೈಗೆ ಕೈ ಕೊಟ್ಟು
ಒಂದು ಬೆರಳು ಹಿಡಿದರೆ ನೂರು,
ಗೆಣ್ಣು ಸವರಿದರೆ ಅರ್ಧ.
ಅಂಗೈ ಬೆವರಿದವನಿಗೆ ಗೂಡು ಬೇಕೇ ಬೇಕು ಅಂತ ಲೆಕ್ಕ.
ಮೋಸವೂ ಅಲ್ಲೇ ನಡೆಯುತ್ತಿತ್ತು,
ಅದನ್ನೂ ಅವರೇ ಹೇಳಿದರು:
ಪಕ್ಕದವನಿಗೆ ಸಿಕ್ಕ ರೇಟು
ಮೂರು ದಿನ ಆದಮೇಲೆ ಗೊತ್ತಾಗುತ್ತಿತ್ತು.
ಈಗ ಎಲ್ಲರ ರೇಟೂ ಎಲ್ಲರ ಕಣ್ಣಿಗೆ,
ದುಡ್ಡು ನೇರ ಖಾತೆಗೆ.
"ಒಳ್ಳೇದೇ ಆಯ್ತು ಬಿಡು" ಅಂದು
ಹೆಗಲ ಟವಲು ಸರಿಮಾಡಿಕೊಂಡರು.

ಸಂಜೆ ಎಟಿಎಮ್ಮಿನಲ್ಲಿ ನನ್ನ ಮುಂದೆ ಅವರೇ.
ಬಲಗೈ ಮೇಲೆ ಟವಲು ಹೊದಿಸಿ
ನಾಲ್ಕು ಅಂಕಿ ಒತ್ತುತ್ತಿದ್ದರು,
ನಿಧಾನ, ತುಟಿ ಬಿಗಿದು,
ಆ ಕಡೆಯ ಕೈಗಾಗಿ ಕಾಯುತ್ತಿರುವವರ ಹಾಗೆ.