ಬಟಾಣಿ ಬೀದಿ, ಡಿಸೆಂಬರ್

ಟಾರ್ಟುವಿನಲ್ಲಿ ಒಂದು ಕೇರಿಗೆ ಸಾರೂರು ಎಂದೇ ಹೆಸರು.
ಆಲೂಗಡ್ಡೆ ಬೀದಿ, ಅವರೆ ಬೀದಿ, ಕರಬೂಜ ಬೀದಿ;
ಮರದ ಮನೆಗಳು ಒಂದಕ್ಕೊಂದು ಭುಜ ಕೊಟ್ಟು
ಬೀಳದೆ ನಿಂತಿವೆ.
ಬಟಾಣಿ ಬೀದಿಯ ಮಹಡಿಯಲ್ಲಿ ಹೆಲ್ಯೆ
ಮೂರನೆಯ ಅಧ್ಯಾಯ ಬರೆಯುತ್ತಿದ್ದಾಳೆ.
ಅಂದರೆ, ಬರೆಯುತ್ತಿಲ್ಲ.

ರಜೆ ಶುರುವಾದ ದಿನ ಪಟ್ಟಿ ಮಾಡಿದ್ದಳು
ಹಸಿರು ಶಾಯಿಯಲ್ಲಿ, ಅಂಚು ಬಿಟ್ಟು:
ದಿನಕ್ಕೆ ಎರಡು ಗಾಜುಪಟ್ಟಿ, ಒಂದೊಂದರಲ್ಲಿ ಐನೂರು ಪರಾಗ,
ಸಂಜೆ ಎರಡು ಪುಟ, ಭಾನುವಾರ ಈಜು.
ಈಗ ಆ ಹಾಳೆಯ ಮೇಲೆ
ಕಿತ್ತಳೆ ಸಿಪ್ಪೆ ಒಣಗುತ್ತಿದೆ.

ಎದ್ದಾಗ ಹತ್ತು. ಹಲ್ಲುಜ್ಜಿದಾಗ ಹನ್ನೆರಡು.
ಅದು ಹೇಗೆ ಎಂದು ಯಾರೂ ಕೇಳಬೇಡಿ.
ಕೋಷ್ಟಕದ ಗೆರೆಗಳನ್ನು ತೆಳ್ಳಗೆ ಮಾಡಿ, ಮತ್ತೆ ದಪ್ಪ ಮಾಡಿ,
ಒಲೆಗೆ ಸೌದೆ ಹಾಕಿ,
ತಟ್ಟೆ ತೊಳೆಯಲು ನೀರು ಕಾಯಿಸಿ,
ತಟ್ಟೆ ತೊಳೆಯದೆ,
ಅಷ್ಟರಲ್ಲಿ ಮೂರೂವರೆ; ಸೂರ್ಯ ಹೊರಟ.
ಅವನನ್ನು ಯಾರೂ ಏನೂ ಅನ್ನುವುದಿಲ್ಲ.

ಕೇರಿಯ ಅಂಚಿಗೆ ಹೊಳೆ. ಎಮಾಯೋಗಿ ಅದರ ಹೆಸರು.
ಅವರ ನುಡಿಯಲ್ಲಿ ಎಮಾ ಅಂದರೆ ತಾಯಿ, ಯೋಗಿ ಅಂದರೆ ನದಿ;
ನನ್ನ ಕಿವಿಗೆ ಬೇರೆಯೇ ಕೇಳುತ್ತದೆ:
ಮಂಜುಗಡ್ಡೆ ಹೊದ್ದು, ಕಣ್ಣು ಮುಚ್ಚಿ,
ಏನೂ ಮಾಡದೆ ಕೂತು
ಅಡಿಯಲ್ಲಿ ಹರಿಯುತ್ತಲೇ ಇರುವವಳು.
ಹೆಲ್ಯೆಗೆ ಈ ಶ್ಲೇಷೆ ಗೊತ್ತಿಲ್ಲ.
ಗೊತ್ತಿದ್ದರೂ ಅಂದಾಳು:
ನದಿಗೇನು, ಮಾರ್ಚಿಯಲ್ಲಿ ಸಮಿತಿಯ ಮುಂದೆ ನಿಲ್ಲಬೇಕೆ?

ಅವಳ ವಿಷಯ ಜೌಗು.
ಮೂರಾಳುದ್ದ ಕೊರೆದು ತಂದ ಕಪ್ಪು ಮಣ್ಣು,
ವರ್ಷಕ್ಕೊಂದು ಮಿಲಿಮೀಟರ್ ಬೆಳೆದದ್ದು.
ನೀವು ಈಗ ಹೇಳಹೊರಟಿರುವುದನ್ನು
ಅಮ್ಮ ಫೋನಿನಲ್ಲಿ ಆಗಲೇ ಹೇಳಿದ್ದಾಳೆ:
ನೋಡು, ನಿನ್ನ ಜೌಗಿಗೇನಾದರೂ ಆತುರವಿತ್ತೆ?
ಅಮ್ಮಾ, ಅದು ಬೆಳೆದದ್ದು ಕೊಳೆಯದೆ ಉಳಿದದ್ದರಿಂದ;
ನಾನು ನೋಡು, ಸೋಫಾದ ಮೇಲೆ,
ಮೊನ್ನೆಯ ಸ್ವೆಟರಿನಲ್ಲೇ
ಎಂದು ಶುರುಮಾಡಿ,
ಹೂಂ, ತಿಂದೆ, ಸಾಸೇಜು ತಿಂದೆ
ಎಂದು ಫೋನಿಟ್ಟಳು.

ವರ್ಷದ ಕೊನೆಯ ರಾತ್ರಿ ಕೆಳಮನೆಯ ಎಂಡೆಲ್
ಬಾಗಿಲು ತಟ್ಟಿದ. ಒಂದು ಕೈಯಲ್ಲಿ ಸೌಟು,
ಇನ್ನೊಂದರಲ್ಲಿ ಎರಡು ತವರದ ಲಾಳ.
ಕರಗಿಸಿ ತಣ್ಣೀರಿಗೆ ಸುರಿದರೆ
ಬರುವ ವರ್ಷದ ಆಕಾರ ಸಿಗುತ್ತದೆ.
ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡಿದ್ದವ;
ಅವನ ತುಂಡು ಪ್ರತಿ ವರ್ಷವೂ ದೋಣಿ.
ಅವನ ಬಳಿ ದೋಣಿಯಿಲ್ಲ.
ರಜೆಯಲ್ಲಿ ಏನು ಮಾಡಿದೆ? ಎಂದ.
ಏನೂ ಇಲ್ಲ, ಎಂದಳು, ಮೊದಲ ಸಲ ಬಾಯಿಬಿಟ್ಟು.
ಹಾಂ, ಎಂದ, ಸೌಟಿನಿಂದ ಕಣ್ಣು ತೆಗೆಯದೆ,
ಹೊರಗೆ ಹಿಮ ಬೀಳುತ್ತಿದೆ ಎಂದಿದ್ದರೆ
ಅನ್ನುತ್ತಿದ್ದ ಹಾಗೆ.

ಚುಂಯ್ ಎಂದಿತು ನೀರು.
ಅವಳ ತುಂಡು ಯಾವುದೂ ಆಗಿರಲಿಲ್ಲ.
ಕಿವಿ? ಎಂದ ಎಂಡೆಲ್. ಕೋಳಿ? ಅರ್ಧ ಕೋಳಿ?
ಅವಳು ದೀಪದಡಿ ತಿರುಗಿಸಿದಳು. ಕೈ ತಾನಾಗಿಯೇ
ರಂಧ್ರ ಹುಡುಕಿತು, ಏಣು ಎಣಿಸಿತು.
ಬರ್ಚ್ ಅಲ್ಲ, ಪೈನ್ ಅಲ್ಲ,
ಯಾರೂ ಎಂದೂ ಬಿತ್ತಿದ ಪೈರಿನದಲ್ಲ.

ಅವನು ಹೋದ ಮೇಲೆ, ಪಟಾಕಿಯ ಸದ್ದಿನ ನಡುವೆ
ಎಣಿಕೆಯ ಪುಸ್ತಕ ತೆಗೆದಳು. ಹನ್ನೊಂದು ದಿನ ಖಾಲಿ.
ಕೊನೆಯ ಅಂಕಣದಲ್ಲಿ,
ಗುರುತಿಸಲಾಗದ್ದು ಎಂಬುದರ ಕೆಳಗೆ,
ಒಂದು ಗೀಟು ಎಳೆದಳು.
ಪೆನ್ಸಿಲಿನದು; ಜನವರಿಯಲ್ಲಿ ಅಳಿಸಬಹುದು.
ಒಲೆ ಆರುತ್ತಿತ್ತು. ಸೌದೆ ಕೆಳಗಿತ್ತು.
ಇನ್ನೊಂದು ನಿಮಿಷ, ಎಂದುಕೊಂಡು
ಕೂತೇ ಇದ್ದಳು.